ಮೈಕೆಲನ ಜಮೀನು
(ಬೆಂಗಳೂರಿನ ಜಯನಗರದಲ್ಲಿ ಮಲೆನಾಡಿನ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನಿಂದ ಬಂದು ಜಯನಗರ, ಬಿ.ಟಿ.ಎಂ. ಬಡಾವಣೆಗಳ ಬಾಡಿಗೆ ಕೋಣೆಗಳಲ್ಲಿದ್ದುಕೊಂಡು ಓದುವವರು ಇಂಗ್ಲಿಷಿನ ರಮ್ಯ ಭಾವಗೀತೆಗಳನ್ನು ತರಗತಿಯಲ್ಲಿ ಎದುರುಗೊಳ್ಳುತ್ತಾರೆ. ಬೆಟ್ಟ, ತೊರೆ, ಹಕ್ಕಿಗಳ ವರ್ಣನೆಯೇ ರಮ್ಯತೆಯೆಂದು ಉತ್ತರ ಬರೆಯುವುದು ವಾಡಿಕೆ. ಆ ಕಾವ್ಯದ ಆದರ್ಶ ಅದಕ್ಕಿಂತ ಹಿರಿದು.

ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ 1798ರಲ್ಲಿ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನವನ್ನು ಪ್ರಕಟಿಸಿದರು. 1800ರ ಆವೃತ್ತಿಯ ಮುನ್ನುಡಿಯಲ್ಲಿ ವರ್ಡ್ಸ್‌ವರ್ತ್, ಹಳ್ಳಿಗರ ಬದುಕೂ ಅವರು ಆಡುವ ಮಾತೂ ಕಾವ್ಯಕ್ಕೆ ತಕ್ಕವೆಂದು ವಾದಿಸಿದನು. ಅದೇ ಆವೃತ್ತಿಯಲ್ಲಿ ಸೇರಿದ ‘ಮೈಕೆಲ್’ ಎಂಬ ಕಥನಕವನದ ನಾಯಕ ಗುಡ್ಡಗಾಡಿನ ಮುದಿ ಕುರಿಗಾಹಿ. ಬಂಧುವಿನ ಸಾಲಕ್ಕೆ ಜಾಮೀನು ನಿಂತು ಸಿಕ್ಕಿಬಿದ್ದ ಅವನು, ಜಮೀನು ಉಳಿಸಿಕೊಳ್ಳಲು ಒಬ್ಬನೇ ಮಗನನ್ನು ಪಟ್ಟಣಕ್ಕೆ ಕಳಿಸುತ್ತಾನೆ. ಮಗ ದಾರಿತಪ್ಪಿ ಮರಳುವುದೇ ಇಲ್ಲ; ಕಡೆಗೆ ಜಮೀನು ಪರರ ಪಾಲಾಗುತ್ತದೆ. ಈ ಕಥೆಯನ್ನು ಮಲೆನಾಡಿನ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅದೇ ಕವಿ 1844ರಲ್ಲಿ ತನ್ನ ಸರೋವರ ಪ್ರಾಂತಕ್ಕೆ ರೈಲುಮಾರ್ಗ ಬರುವುದನ್ನು ವಿರೋಧಿಸಿದಾಗ, ಕಾರ್ಖಾನೆಯ ಕೆಲಸಗಾರರು ಗುಂಪಾಗಿ ಬಂದರೂ ಆ ಚೆಲುವನ್ನು ಸವಿಯಲಾರರೆಂಬ ವಾದವನ್ನೂ ಮುಂದಿಟ್ಟನು. ನಿಸರ್ಗಪ್ರೇಮದೊಳಗೆ ಇಂಥ ಬೇಲಿಯೂ ಅಡಗಿರಬಲ್ಲದು.

ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನದ ಮೂಲಕ ಈ ಕಾವ್ಯ ಕನ್ನಡದ ಉಸಿರು ಪಡೆಯಿತು. ಕುಪ್ಪಳಿಯ ಕುವೆಂಪು ಮೊದಲು ಇಂಗ್ಲಿಷಿನಲ್ಲೇ ಬರೆದು 1922ರಲ್ಲಿ ಸಂಕಲನವನ್ನೂ ತಂದಿದ್ದರು. ತಾಯಿನುಡಿಯಲ್ಲಿ ಬರೆಯಿರೆಂದು ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಸಲಹೆಯಿತ್ತ ಬಳಿಕ ಅವರ ದಾರಿ ತಿರುಗಿತು. ಊರವರ ಮಾತಿಗೆ ಮರಳಿದ್ದೇ ರಮ್ಯ ಆದರ್ಶದ ನಿಜವಾದ ಪಾಲನೆ. ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಕಾಡಿನಷ್ಟೇ ಅಲ್ಲಿ ದುಡಿಯುವ ಗುತ್ತಿ, ತಿಮ್ಮಿಯರೂ ಮುಖ್ಯರು. ವರ್ಡ್ಸ್‌ವರ್ತ್ ಹಾಕಿದ ಬೇಲಿ ಅಲ್ಲಿಲ್ಲ.

ಬನಶಂಕರಿಯಾಚೆಯ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಯೋಜನೆಯನ್ನು 2021ರಲ್ಲಿ ನಗರದ ನಿವಾಸಿಗಳು ವಿರೋಧಿಸಿದರು. ಕಾಡು ಕಾಡಾಗಿಯೇ ಇರಲೆಂಬ ಆ ಹಂಬಲ ಗೌರವಕ್ಕೆ ಅರ್ಹ. ಇದೇ ಹಂಬಲ ಮಲೆನಾಡಿನತ್ತ ಹೊರಳಿದಾಗ ಮಾತ್ರ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಆ ಚಿತ್ರದಲ್ಲಿ ಸೊಪ್ಪು ತರುವವರು, ದನ ಮೇಯಿಸುವವರು, ಗದ್ದೆ ಉಳುವವರು ಇದ್ದಾರೆಯೇ?

ಪರೀಕ್ಷೆಯಲ್ಲಿ ಹೂವು, ಹಕ್ಕಿಗಳ ಬಗ್ಗೆ ಅವಶ್ಯ ಬರೆಯಿರಿ. ಮೈಕೆಲನ ಜಮೀನು ಏನಾಯಿತೆಂಬುದನ್ನೂ ಬರೆಯಿರಿ. ರಜೆಗೆ ಊರಿಗೆ ಹೋದಾಗ ಆ ಕಥೆಯನ್ನು ಹಿರಿಯರಿಗೆ ಹೇಳಿ, ಅವರ ಕಥೆಯನ್ನೂ ಕೇಳಿರಿ.