ತೆರೆಯ ಮೇಲಿನ ಎಡವಟ್ಟುಗಳು

ನಮ್ಮ ಮನೆಯಲ್ಲಿ ಸಿನಿಮಾ ನೋಡುವುದು ಅಷ್ಟು ಸುಲಭದ ಕೆಲಸವಲ್ಲ. ನಮ್ಮ ಮಾವನವರು ಹುಬ್ಬಳ್ಳಿ ಕಡೆ ರೈಲಿನಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತರಾದ ಮೇಲೆ ಮುಂಬಯಿಗೆ, ನಮ್ಮಲ್ಲಿಗೆ ಬಂದರು. ತೆರೆಯ ಮೇಲೆ ಒಂದು ರೈಲು ಕಾಣಿಸಿದರೆ ಸಾಕು, ಕಥೆ ಅಲ್ಲಿಗೆ ನಿಂತಿತೆಂದೇ ಲೆಕ್ಕ. ಇಂಜಿನ್ ಯಾವುದು, ಲೈನ್ ಯಾವುದು, ಸಿಗ್ನಲ್ ಕೊಡದೆ ಗಾಡಿ ಹೊರಟಿದ್ದು ಹೇಗೆ, ಎಲ್ಲದರ ವಿಚಾರಣೆ ಆಗಬೇಕು.

2013ರಲ್ಲಿ ತೆರೆಕಂಡ ‘ಚೆನ್ನೈ ಎಕ್ಸ್‌ಪ್ರೆಸ್’ ಚಿತ್ರವನ್ನು ಟಿವಿಯಲ್ಲಿ ನೋಡುತ್ತಿದ್ದೆವು. ಮುಂಬಯಿಯಿಂದ ಹೊರಟ ಶಾರುಖ್ ಖಾನ್, ದೀಪಿಕಾ ಪಡುಕೋಣೆಯವರ ಗಾಡಿ ಒಂದು ಭಾರೀ ಜಲಪಾತದ ಎದುರು ಬಂದು ನಿಂತಿತು. ಮಾವನವರು ಕುರ್ಚಿಯಿಂದ ಎದ್ದೇಬಿಟ್ಟರು. “ಏನವಾ ಇದು! ನಮ್ಮ ಕ್ಯಾಸಲ್‌ರಾಕ್ ಘಾಟ್ ಅಲ್ಲೇನ? ಮದ್ರಾಸಿಗೆ ಹೋಗೋ ಗಾಡಿ ದೂಧಸಾಗರಕ್ಕ ಯಾಕ ಬಂತು?”

ಅವರು ಹೇಳಿದ್ದು ಸರಿಯೇ. ದೂಧಸಾಗರ ಇರುವುದು ಹುಬ್ಬಳ್ಳಿಯಿಂದ ಗೋವಾಕ್ಕೆ ಇಳಿಯುವ ಘಾಟಿಯಲ್ಲಿ. ಮುಂಬಯಿಯಿಂದ ಚೆನ್ನೈಗೆ ಹೋಗುವ ನಿಜವಾದ ಗಾಡಿ ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿ, ರಾಯಚೂರು, ಗುಂತಕಲ್ಲು ಹೀಗೆ ಸಾಗುತ್ತದೆ. ಅಂದರೆ ಅದು ಕನ್ನಡ ನೆಲವನ್ನು ಹಾದೇ ಹೋಗುತ್ತದೆ, ಆದರೆ ಬಿಸಿಲಿನ ಕಡೆಯಿಂದ. ನಿರ್ದೇಶಕರಿಗೆ ಬೇಕಾಗಿದ್ದು ಜಲಪಾತ. ವಾಡಿ ಜಂಕ್ಷನ್ನಿನಲ್ಲಿ ಜಲಪಾತ ಎಲ್ಲಿಂದ ತರುವುದು ಹೇಳಿ!

ಹೀಗೆ ತಪ್ಪು ಹುಡುಕುವವರನ್ನು ಕಂಡರೆ ಕೆಲವರಿಗೆ ಸಿಟ್ಟು. ‘ಸುಮ್ಮನೆ ಕಥೆ ನೋಡಬಾರದೆ’ ಎನ್ನುತ್ತಾರೆ. ನನಗನ್ನಿಸುವುದು ಬೇರೆ. ಒಂದು ಚಿತ್ರವನ್ನು ಹತ್ತು ಸಲ ನೋಡಿದವರ ಕಣ್ಣಿಗೆ ಮಾತ್ರ ಇಂಥವು ಬೀಳುತ್ತವೆ. ಬೇಡವಾದ ಚಿತ್ರವನ್ನು ಹತ್ತು ಸಲ ಯಾರು ನೋಡುತ್ತಾರೆ?

‘ಶೋಲೆ’ಯನ್ನೇ ತೆಗೆದುಕೊಳ್ಳಿ. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಚಿತ್ರ. ತೆರೆಯ ಮೇಲಿನ ರಾಮಗಢ ಎಂದರೆ ನಮ್ಮ ರಾಮನಗರದ ಬಂಡೆಗಳೇ. ಈ ಚಿತ್ರದ ಬಗ್ಗೆ ಎಲ್ಲರ ಬಾಯಲ್ಲೂ ಇರುವ ಎರಡು ತಪ್ಪುಗಳಿವೆ. ಒಂದು, ಠಾಕೂರನಿಗೆ ಎರಡೂ ಕೈಗಳಿಲ್ಲ, ಆದರೆ ಕೊನೆಯ ಹೊಡೆದಾಟದಲ್ಲಿ ಜುಬ್ಬಾದ ಒಳಗೆ ಸಂಜೀವ್ ಕುಮಾರ್ ಅವರ ಕೈ ಇಣುಕುತ್ತದೆ. ಇದಕ್ಕೆ ಯಾವ ಸಮಜಾಯಿಷಿಯೂ ಇಲ್ಲ, ಬಿಡಿ.

ಎರಡನೆಯದು ನೀರಿನ ಟ್ಯಾಂಕು. ಊರಿಗೆ ಕರೆಂಟಿಲ್ಲ. ಜಯಾ ಬಚ್ಚನ್ ಅವರ ರಾಧಾ ಸಂಜೆ ಎಣ್ಣೆ ದೀಪಗಳ ಜೊತೆ ಓಡಾಡುತ್ತಾಳೆ, ಕೆಳಗೆ ಕೂತ ಅಮಿತಾಭ್ ಮೌತ್ ಆರ್ಗನ್ ನುಡಿಸುತ್ತಾರೆ. ಸೂರ್ಯ ಮುಳುಗಿ ಕತ್ತಲಾಗುವ ಮುಂಚಿನ ಆ ಕೆಲವೇ ನಿಮಿಷಗಳ ಬೆಳಕೇ ಬೇಕೆಂದು ಹಠ ಹಿಡಿದು, ದಿನಗಟ್ಟಲೆ ಕಾದು ತೆಗೆದ ದೃಶ್ಯ ಅದು. ಆದರೆ ಅದೇ ಊರಿನಲ್ಲಿ ಧರ್ಮೇಂದ್ರ ಕುಡಿದು, ಸಾಯುತ್ತೇನೆಂದು ಹೆದರಿಸುತ್ತಾ ನಿಂತಿದ್ದು ಎತ್ತರದ ನೀರಿನ ಟ್ಯಾಂಕಿನ ಮೇಲೆ. ಕರೆಂಟಿಲ್ಲದೆ ನೀರು ಮೇಲಕ್ಕೆ ಏರಿದ್ದು ಹೇಗೆ?

ನಾನೂ ವರ್ಷಗಟ್ಟಲೆ ಇದನ್ನು ಹೇಳಿ ನಕ್ಕವಳೇ. ಒಂದು ದಿನ ಮಾವನವರ ಮುಂದೆ ಹೇಳಿದೆ. ಅವರು ನಗಲಿಲ್ಲ. “ಉಗಿ ಇಂಜಿನ್ ಕಾಲದಾಗ ಕರೆಂಟ್ ಇಲ್ಲದ ಸ್ಟೇಷನ್‌ದಾಗೂ ಟಾಕಿ ಇರತಿತ್ತವಾ. ಇಂಜಿನ್ನಿಗೆ ನೀರು ಬೇಕಲ್ಲ? ಡೀಸೆಲ್ ಪಂಪ್ ಹಚ್ಚಿ ಏರಸ್ತಿದ್ದರು” ಎಂದರು. ನಾನು ಸುಮ್ಮನಾದೆ. ರಾಮಗಢಕ್ಕೆ ಡೀಸೆಲ್ ಪಂಪ್ ಇತ್ತು ಎಂದು ಚಿತ್ರ ಎಲ್ಲೂ ಹೇಳುವುದಿಲ್ಲ, ನಿಜ. ಇರಲಿಲ್ಲ ಎಂದೂ ಹೇಳುವುದಿಲ್ಲ. ತಪ್ಪು ಹಿಡಿಯುವವರೂ ಆಗಾಗ ಎಡವುತ್ತಾರೆ ನೋಡಿ.

ಇಂಥವು ಹೇಗೆ ನುಸುಳುತ್ತವೆ? ನಾವು ನೋಡುವ ಕ್ರಮದಲ್ಲಿ ಚಿತ್ರೀಕರಣ ನಡೆಯುವುದಿಲ್ಲ. ನಾಯಕ ಬಾಗಿಲು ತೆರೆಯುವುದನ್ನು ಇಂದು ತೆಗೆದರೆ, ಒಳಗೆ ಕಾಲಿಡುವುದನ್ನು ಮೂರು ತಿಂಗಳ ನಂತರ ಇನ್ನೆಲ್ಲೋ ತೆಗೆಯುತ್ತಾರೆ. ಅಂಗಿಯ ಗುಂಡಿ, ಲೋಟದಲ್ಲಿ ಉಳಿದ ಕಾಫಿ, ಹಣೆಯ ಕುಂಕುಮ ಎಲ್ಲವೂ ಹೊಂದಬೇಕು. ಚಿತ್ರರಂಗದವರು ಇದಕ್ಕೆ ‘ಕಂಟಿನ್ಯುಟಿ’ ಎನ್ನುತ್ತಾರೆ. ಅದನ್ನು ಬರೆದಿಟ್ಟು ಕಾಯಲೆಂದೇ ಒಬ್ಬರಿರುತ್ತಾರೆ. ಅವರ ಹೆಸರು ನಮಗೆ ನೆನಪಿರುವುದಿಲ್ಲ, ಅವರ ಕಣ್ಣು ತಪ್ಪಿದ್ದು ಮಾತ್ರ ನೆನಪಿರುತ್ತದೆ.

ಹಿಚ್‌ಕಾಕ್‌ರಂಥ ಕಟ್ಟುನಿಟ್ಟಿನ ನಿರ್ದೇಶಕರಿಗೂ ಇದು ತಪ್ಪಲಿಲ್ಲ. 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರದಲ್ಲಿ ನಾಯಕಿ ಉಪಾಹಾರ ಗೃಹದಲ್ಲಿ ಪಿಸ್ತೂಲು ತೆಗೆದು ನಾಯಕನ ಮೇಲೆ ಗುಂಡು ಹಾರಿಸುತ್ತಾಳೆ. ಹಿಂದೆ ಕೂತ ಒಬ್ಬ ಪುಟ್ಟ ಹುಡುಗ ಗುಂಡು ಹಾರುವ ಮೊದಲೇ ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದಾನೆ! ತಾಲೀಮಿನಲ್ಲಿ ಆ ಸದ್ದು ಕೇಳಿ ಸಾಕಾಗಿತ್ತೇನೋ ಪಾಪ. ಅರವತ್ತು ವರ್ಷ ದಾಟಿದರೂ ಆ ಹುಡುಗ ಹಾಗೆಯೇ ಇದ್ದಾನೆ. ಈಗಿನವರು ಅಷ್ಟು ಕಾಯುವುದಿಲ್ಲ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿ ರಾಣಿಯ ಮುಂದಿನ ಮೇಜಿನ ಮೇಲೆ ಇಂದಿನ ಕಾಲದ ಕಾಫಿ ಕಪ್ಪು ಉಳಿದುಬಿಟ್ಟಿತ್ತು. ವೀಕ್ಷಕರು ಬೊಬ್ಬೆ ಹಾಕಿದ ಒಂದೆರಡು ದಿನಗಳಲ್ಲೇ ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟರು.

ಮಕ್ಕಳು ಕೇಳುತ್ತಿದ್ದರೆ ಅವರಿಗೊಂದು ಮಾತು. ಆಟಗಳಲ್ಲಿ ಎಡವಟ್ಟು ವರವಾದದ್ದೂ ಉಂಟು. 1978ರಲ್ಲಿ ಜಪಾನಿನಲ್ಲಿ ಬಂದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ಓಟ ಜೋರಾಗುತ್ತದೆ. ಹಾಗೆ ಮಾಡಬೇಕೆಂದು ಮಾಡಿದ್ದಲ್ಲ. ಚಿತ್ರ ಬಿಡಿಸುವ ಹೊರೆ ಇಳಿದಂತೆ ಯಂತ್ರ ತಾನಾಗಿ ವೇಗ ಪಡೆಯಿತು. ಅದನ್ನು ತಯಾರಿಸಿದ ನಿಶಿಕಾಡೊ ‘ಇದೇ ಚೆನ್ನಾಗಿದೆ’ ಎಂದು ಹಾಗೇ ಉಳಿಸಿಕೊಂಡರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಗುವ ಸಂಗತಿ. ಇನ್ನು ಒಂದು ಚಿತ್ರದ ಎರಡು ತಪ್ಪುಗಳ ವಿಚಾರ ಹೇಳಲೇಬೇಕು.

‘ಟೈಟಾನಿಕ್’ ಚಿತ್ರ ಬಂದದ್ದು 1997ರಲ್ಲಿ, ಜೇಮ್ಸ್ ಕ್ಯಾಮರೂನ್ ನಿರ್ದೇಶನ. ತಟ್ಟೆ ಲೋಟಗಳವರೆಗೆ ಎಲ್ಲವೂ 1912ರ ಹಡಗಿನಲ್ಲಿದ್ದಂತೆಯೇ ಇರಬೇಕೆಂದು ಅವರು ಪಟ್ಟ ಪಾಡು ದೊಡ್ಡದು. ಕೊನೆಗೆ ನಾಯಕಿ ಹಲಗೆಯ ಮೇಲೆ ಮಲಗಿ ಆಕಾಶ ನೋಡುತ್ತಾಳೆ. ನೀಲ್ ಡಿಗ್ರಾಸ್ ಟೈಸನ್ ಎಂಬ ಖಗೋಳ ವಿಜ್ಞಾನಿ ಆ ನಕ್ಷತ್ರಗಳು ತಪ್ಪು ಎಂದು ಹಿಡಿದರು. ಆಕಾಶದ ಅರ್ಧ ಭಾಗವನ್ನೇ ಕನ್ನಡಿಯಂತೆ ತಿರುಗಿಸಿ ಇನ್ನರ್ಧಕ್ಕೆ ಹಾಕಿದ್ದರಂತೆ. ಅವರು ಬೆನ್ನು ಬಿಡಲಿಲ್ಲ. 2012ರಲ್ಲಿ ಚಿತ್ರ ಮತ್ತೆ ತೆರೆಕಂಡಾಗ ಕ್ಯಾಮರೂನ್ ಆ ಆಕಾಶವನ್ನು ತಿದ್ದಿದರು.

ಇನ್ನೊಂದು ತಪ್ಪನ್ನು ಹಿಡಿದವರು ವಿಜ್ಞಾನಿಗಳಲ್ಲ. ಸ್ಕಾಟ್ಲೆಂಡಿನ ಡಾಲ್ಬೀಟಿ ಎಂಬ ಪುಟ್ಟ ಊರಿನ ಜನ. ಹಡಗಿನ ಫಸ್ಟ್ ಆಫೀಸರ್ ವಿಲಿಯಂ ಮರ್ಡಾಕ್ ಆ ಊರಿನವರು. ಚಿತ್ರದಲ್ಲಿ ಅವರು ಲಂಚ ಪಡೆಯುತ್ತಾರೆ, ಪ್ರಯಾಣಿಕರ ಮೇಲೆ ಗುಂಡು ಹಾರಿಸುತ್ತಾರೆ, ಕೊನೆಗೆ ತಾವೂ ಗುಂಡು ಹಾರಿಸಿಕೊಳ್ಳುತ್ತಾರೆ. ಅಧಿಕಾರಿಯೊಬ್ಬ ಗುಂಡು ಹಾರಿಸಿಕೊಂಡನೆಂದು ಬದುಕುಳಿದ ಕೆಲವರು ಹೇಳಿದ್ದುಂಟು. ಅದು ಯಾರೆಂದು ಯಾರಿಗೂ ಖಚಿತವಿಲ್ಲ. ಜನರನ್ನು ದೋಣಿಗೆ ಹತ್ತಿಸುತ್ತಲೇ ಮರ್ಡಾಕ್ ತೀರಿಕೊಂಡರು ಎಂಬುದು ಊರಿನವರ ನಂಬಿಕೆ. ಅವರ ಹೆಸರಿನ ಫಲಕ ಅಲ್ಲಿನ ಪುರಭವನದಲ್ಲಿದೆ. ಕುಟುಂಬದವರು, ಊರಿನವರು ಪ್ರತಿಭಟಿಸಿದರು. 1998ರಲ್ಲಿ ಚಿತ್ರ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ಆ ಊರಿಗೇ ಬಂದು ಕ್ಷಮೆ ಕೇಳಿದರು. ಶಾಲೆಯಲ್ಲಿ ಮರ್ಡಾಕ್ ಹೆಸರಿನ ಬಹುಮಾನಕ್ಕೆ 5,000 ಪೌಂಡ್ ಕೊಟ್ಟರು.

ಆದರೆ ಆ ದೃಶ್ಯ? 2012ರಲ್ಲೂ ಹಾಗೆಯೇ ಇತ್ತು. ನಕ್ಷತ್ರಗಳಿಗೆ ನ್ಯಾಯ ಸಿಕ್ಕಿತು, ಮರ್ಡಾಕ್‌ಗೆ ಸಿಗಲಿಲ್ಲ. ಇದನ್ನು ಓದಿದ ದಿನದಿಂದ ನನಗೆ ಠಾಕೂರನ ಕೈ ದೊಡ್ಡ ತಪ್ಪೆಂದು ಅನ್ನಿಸಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದು ಬಹಳ ದೂರದ ಮಾತಲ್ಲ. ಹಿಂದಿ ಚಿತ್ರಗಳಲ್ಲಿ ದಕ್ಷಿಣದವರೆಂದರೆ ‘ಅಯ್ಯಯ್ಯೋ’ ಎನ್ನುವ, ಹಣೆ ತುಂಬ ವಿಭೂತಿ ಬಳಿದ ‘ಮದ್ರಾಸಿ’. ಈ ವೇಷ ಎಷ್ಟು ಚಿತ್ರಗಳಲ್ಲಿ ಬಂದಿಲ್ಲ! ಅದು ತಮಿಳರಿಗೂ ಹೊಂದುವುದಿಲ್ಲ, ನಮಗಂತೂ ಮೊದಲೇ ಇಲ್ಲ. ಕಾಫಿ ಕಪ್ಪಿನ ಬಗ್ಗೆ ಬೊಬ್ಬೆ ಹಾಕುವ ನಾವು ಇದನ್ನು ಕಂಡು ನಕ್ಕು ಸುಮ್ಮನಾಗುತ್ತೇವೆ. ನಾನೂ ಸುಮ್ಮನಾದವಳೇ.

ಮೊನ್ನೆ ಪಕ್ಕದ ಮನೆಯ ಮರಾಠಿ ಹುಡುಗ ಓಡಿ ಬಂದು, “ಆಜೋಬಾ, ಟಿವಿಯಲ್ಲಿ ನಿಮ್ಮವರ ಪಿಕ್ಚರ್ ಬರ್ತಾ ಇದೆ, ಚೆನ್ನೈ ಎಕ್ಸ್‌ಪ್ರೆಸ್!” ಎಂದ. ಮಾವನವರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅದು ತಮಿಳರ ಕಥೆ, ನಾವು ಕನ್ನಡದವರು, ಆ ಹುಡುಗಿ ಬೆಳೆದದ್ದು ಮಾತ್ರ ನಮ್ಮ ಬೆಂಗಳೂರಿನಲ್ಲಿ ಎಂದು ತಮ್ಮ ಹರಕು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಅಷ್ಟರಲ್ಲಿ ಜಲಪಾತ ಬಂತು. ಹುಡುಗ ‘ಹಾಗಾದರೆ ಇದು ಎಲ್ಲಿ’ ಎಂದು ಕೇಳಿದ. ಮಾವನವರು ಪೇಪರಿನ ಅಂಚು ಹರಿದು, ಪೆನ್ನು ತೆಗೆದು, ಒಂದರ ಕೆಳಗೊಂದು ಬರೆಯುತ್ತಾ ಹೋದರು: ಲೋಂಡಾ, ತಿನೈಘಾಟ್, ಕ್ಯಾಸಲ್‌ರಾಕ್, ಕಾರಂಜೋಳ, ದೂಧಸಾಗರ.