ಗಲ್ಲಿಯ ನುಡಿ, ಇಗರ್ಜಿಯ ಗಂಟೆ

(ವಿಲೆ ಪಾರ್ಲೆಯಲ್ಲಿ ಸಂಘದ ತಿಂಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯವನ್ನು ಆಮಂತ್ರಣ ಪತ್ರಿಕೆಯಲ್ಲಿ ಓದಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. ಕನ್ನಡದಲ್ಲಿ ಎಂ.ಎ. ಮಾಡಿ, ಕೇಂದ್ರ ಸರ್ಕಾರದ ಕಡತಗಳ ನಡುವೆ ಕೂದಲು ನರೆಸಿಕೊಂಡ ಮನುಷ್ಯನಿಗೆ ಹುಡುಗರ ಹಿಪ್-ಹಾಪಿನ ಗೊಡವೆ ಏಕೆ, ಅದರೊಳಗೆ ಕ್ರೈಸ್ತ ಧರ್ಮವನ್ನು ಬೇರೆ ಏಕೆ ಎಳೆದು ತರಬೇಕು ಎಂದು ಹಿರಿಯರೊಬ್ಬರು ನನ್ನನ್ನು ಮೊನ್ನೆ ನೇರವಾಗಿಯೇ ಕೇಳಿದರು. ಹೊರನಾಡಿನಲ್ಲಿ ನೆಲೆಸಿದ ನಮ್ಮನ್ನು ಮೂರು ತಲೆಮಾರುಗಳಿಂದ ಕಾಡುತ್ತಿರುವ ಪ್ರಶ್ನೆಯೊಂದು ಈ ಹುಡುಗರ ಹಾಡಿನಲ್ಲಿ ನಮಗಿಂತ ನಿಷ್ಠುರವಾಗಿ ಕೇಳಿಬರುತ್ತಿದೆ ಎಂಬುದೇ ನನ್ನ ಉತ್ತರ. ಯಾವುದು ಸಾಚಾ, ಯಾವುದು ನಕಲು, ಮತ್ತು ಅದನ್ನು ತೀರ್ಮಾನಿಸುವ ಅಧಿಕಾರ ಯಾರದು ಎಂಬುದೇ ಆ ಪ್ರಶ್ನೆ.

ನಾವು ಕುಳಿತಿರುವ ಈ ವಿಲೆ ಪಾರ್ಲೆಯಿಂದಲೇ ಆರಂಭಿಸೋಣ. ಇರ್ಲೆ, ಪಾಡ್ಲೆ ಎಂಬ ಎರಡು ಹಳ್ಳಿಗಳ ಹೆಸರು ಸೇರಿ ಈ ಹೆಸರಾಯಿತೆಂದು ಹಿರಿಯರು ಹೇಳುತ್ತಾರೆ. ಬಿಸ್ಕತ್ತಿನ ಕಾರ್ಖಾನೆ 1929ರಲ್ಲಿ ಬಂದು 2016ರಲ್ಲಿ ಮುಚ್ಚಿತು. ಆ ಪರಿಮಳ ಹಿಡಿದು ರೈಲಿನಿಂದ ಇಳಿಯುತ್ತಿದ್ದ ಕಾಲ ನಮ್ಮ ಕಣ್ಣೆದುರೇ ಕಳೆದುಹೋಯಿತು. ಮರಾಠಿ ನಾಟಕ, ಗಣೇಶೋತ್ಸವ, ಪು. ಲ. ದೇಶಪಾಂಡೆಯವರ ನೆನಪು ಇವೆಲ್ಲ ಪಾರ್ಲೆಯ ಒಂದು ಮುಖ. ಇನ್ನೊಂದು ಮುಖವನ್ನು ನಾವು ಅಷ್ಟಾಗಿ ನೋಡುವುದಿಲ್ಲ. ಇರ್ಲೆ, ಸಹಾರ್, ಮರೋಳಗಳ ಗಾವಠಾಣಗಳಲ್ಲಿ ಈ ನೆಲದ ಮೂಲ ನಿವಾಸಿಗಳಾದ ಈಸ್ಟ್ ಇಂಡಿಯನ್ ಕ್ಯಾಥೊಲಿಕರು ಮರಾಠಿಯದೇ ಒಂದು ಬಗೆಯನ್ನಾಡುತ್ತ ಶತಮಾನಗಳಿಂದ ಬಾಳಿದ್ದಾರೆ. ಅವರ ಓಣಿ ಓಣಿಗೂ ಒಂದು ಶಿಲುಬೆಕಟ್ಟೆ. ತಮ್ಮನ್ನು 'ಈಸ್ಟ್ ಇಂಡಿಯನ್' ಎಂದು ಅವರು ಕರೆದುಕೊಂಡದ್ದು 1887ರಲ್ಲಿ. ಗೋವೆ, ಮಂಗಳೂರುಗಳಿಂದ ವಲಸೆ ಬಂದ ಕ್ರೈಸ್ತರಿಗಿಂತ ತಾವು ಬೇರೆ, ತಾವು ಇಲ್ಲಿಯವರೇ ಎಂದು ಸಾರುವುದು ಅವರಿಗೆ ಅಂದು ಅಗತ್ಯವಾಗಿತ್ತು. ಸಾಚಾತನದ ಜಗಳ ಈ ಪೇಟೆಗೆ ಹೊಸದಲ್ಲ.

ಇದೇ ಪಾರ್ಲೆಯಿಂದ ಹೆದ್ದಾರಿ ದಾಟಿ ಸಹಾರ್ ರಸ್ತೆಯ ಕಡೆ ಸಾಗಿದರೆ ಅಂಧೇರಿ ಪೂರ್ವದ ಜೆ.ಬಿ. ನಗರ. ಅಲ್ಲಿ ಬೆಳೆದ ವಿವಿಯನ್ ಫರ್ನಾಂಡಿಸ್ ಎಂಬ ಕ್ಯಾಥೊಲಿಕ್ ತರುಣ 'ಡಿವೈನ್', ಅಂದರೆ ದೈವಿಕ, ಎಂಬ ಹೆಸರಿಟ್ಟುಕೊಂಡು ರ‍್ಯಾಪ್ ಹಾಡಲು ತೊಡಗಿದ. ಶಾಲೆಯಲ್ಲಿ ಗೆಳೆಯನೊಬ್ಬ ತೊಟ್ಟ ಅಂಗಿಯ ಮೇಲೆ ಅಮೆರಿಕದ ಗಾಯಕ ಫಿಫ್ಟಿ ಸೆಂಟ್‌ನ ಚಿತ್ರ ಕಂಡು ಈ ಲೋಕದ ಪರಿಚಯವಾಯಿತೆಂದು ಆತನೇ ಹೇಳಿಕೊಂಡಿದ್ದಾನೆ. ಮೊದಮೊದಲು ಹಾಡಿದ್ದು ಇಂಗ್ಲಿಷಿನಲ್ಲಿ. 2013ರ 'ಯೇ ಮೇರಾ ಬಾಂಬೆ'ಯಲ್ಲಿ ಓಣಿಯ ಹಿಂದಿಗೆ ಇಳಿದ. 2015ರಲ್ಲಿ ಕುರ್ಲಾದ ನೇಝಿಯೊಡನೆ ಸೇರಿ 'ಮೇರೆ ಗಲ್ಲೀ ಮೇ' ಹಾಡಿದ. ಒಬ್ಬ ಕ್ರೈಸ್ತ, ಒಬ್ಬ ಮುಸಲ್ಮಾನ. ಇಬ್ಬರ ನುಡಿಯೂ ಟಪೋರಿ ಎಂದು ನಾವು ಮೂಗು ಮುರಿಯುವ ಮುಂಬಯಿ ಹಿಂದಿ. ಈ ಹುಡುಗರು ತಮ್ಮ ಪಿನ್ ಕೋಡನ್ನು ಬಿರುದಿನಂತೆ ಹೇಳಿಕೊಳ್ಳುತ್ತಾರೆ: ಕುರ್ಲಾದವರು ಎಪ್ಪತ್ತು, ಜೆ.ಬಿ. ನಗರದವರು ಐವತ್ತೊಂಬತ್ತು. ನಗಬೇಡಿ. ನಾವೂ ಹೆಸರಿನ ಮುಂದೆ ಊರಿನ ಮೊದಲಕ್ಷರವನ್ನು ಹೊತ್ತುಕೊಂಡೇ ಈ ನಗರಕ್ಕೆ ಬಂದವರು.

ಈ ಕಲೆಯ ಮೂಲದ ಬಗ್ಗೆ ಎರಡು ಮಾತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ವಸತಿ ಕಟ್ಟಡವೊಂದರಲ್ಲಿ, ಜಮೈಕಾದಿಂದ ಬಂದ ಕುಟುಂಬದ ಡಿ.ಜೆ. ಕೂಲ್ ಹರ್ಕ್ ತನ್ನ ತಂಗಿ ಏರ್ಪಡಿಸಿದ ಸಂತೋಷಕೂಟದಲ್ಲಿ ಸಂಗೀತ ನುಡಿಸಿದ್ದನ್ನು ಹಿಪ್-ಹಾಪಿನ ಹುಟ್ಟುಹಬ್ಬವೆಂದು ಎಣಿಸುವುದು ವಾಡಿಕೆ. ವಲಸೆ ಬಂದವರ ಕಲೆ ಎಂಬುದನ್ನು ಗಮನಿಸಿ. ಅದಕ್ಕೆ ಅಲಿಖಿತ ಕಟ್ಟಳೆಯೊಂದಿದೆ: ನೀನು ಕಂಡದ್ದನ್ನು, ಉಂಡದ್ದನ್ನು ಮಾತ್ರ ನುಡಿ, ಇನ್ನೊಬ್ಬನ ಸಾಲನ್ನು ಕದಿಯಬೇಡ, ಬಾಳದ ಬಾಳನ್ನು ಬಾಳಿದೆನೆಂದು ಬೊಗಳೆ ಬಿಡಬೇಡ. ಬೊಗಳೆ ಬಿಡುವವರು ಅಲ್ಲಿಯೂ ಧಾರಾಳವಾಗಿದ್ದಾರೆ, ಅದು ಬೇರೆ ಮಾತು. ಆದರೆ ನಡೆಗೂ ನುಡಿಗೂ ಅಂತರವಿರಕೂಡದೆಂಬ ಈ ಕಟ್ಟಳೆ ವಚನಕಾರರ ನಾಡಿನಿಂದ ಬಂದ ನಮಗೆ ಅಪರಿಚಿತವಾಗಬಾರದು.

ಇಂಥ ಲೋಕದಲ್ಲಿ ದೇವರ ಹೆಸರೆತ್ತುವುದು ಸುಲಭವಲ್ಲ. ಅಮೆರಿಕದ ಲೆಕ್ರೇ ಎಂಬ ಗಾಯಕನ ಉದಾಹರಣೆ ನೋಡಿ. ಬಹಿರಂಗವಾಗಿ ಕ್ರಿಸ್ತನನ್ನು ಸಾರುವ ಆತನ 'ಗ್ರ್ಯಾವಿಟಿ' ಆಲ್ಬಂ 2013ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. 2014ರ 'ಅನಾಮಲಿ' ಆ ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ರ‍್ಯಾಪ್ ಲೋಕದ ಹಲವರಿಗೆ ಆತ ಚರ್ಚಿನ ಪ್ರಚಾರಕ. ಚರ್ಚಿನ ಹಲವರಿಗೆ ಲೌಕಿಕರ ಜೊತೆ ಬೆರೆತು ಕೆಟ್ಟವ. 2014ರಲ್ಲಿ ಫರ್ಗ್ಯುಸನ್ ಪಟ್ಟಣದಲ್ಲಿ ಕಪ್ಪು ತರುಣನೊಬ್ಬ ಪೊಲೀಸನ ಗುಂಡಿಗೆ ಬಲಿಯಾದಾಗ ಲೆಕ್ರೇ ತನ್ನ ಜನರ ನೋವನ್ನು ಆಡಿದ. ಅಲ್ಲಿಯತನಕ ಆತನ ಭಕ್ತಿಯನ್ನು ಕೊಂಡಾಡುತ್ತಿದ್ದ ಬಿಳಿಯ ಅಭಿಮಾನಿಗಳಲ್ಲಿ ಅನೇಕರು ಮುಖ ತಿರುಗಿಸಿದರು. ಭಕ್ತಿ ಬೇಕು, ಭಕ್ತನ ಬೀದಿ ಬೇಡ! ಇದಕ್ಕೆ ವ್ಯತಿರಿಕ್ತವಾಗಿ, 2021ರಲ್ಲಿ ತೀರಿಕೊಂಡ ಡಿ.ಎಂ.ಎಕ್ಸ್. ಜೈಲು, ಮಾದಕ ವಸ್ತುಗಳ ನಡುವೆ ನರಳಿದವನು. ತನ್ನ ಆಲ್ಬಂಗಳಲ್ಲಿ ಬೈಗುಳಗಳ ಪಕ್ಕದಲ್ಲೇ ಒಂದೊಂದು ಪ್ರಾರ್ಥನೆಯನ್ನು ಇಡುತ್ತಿದ್ದ. ಅವನ ಪ್ರಾರ್ಥನೆಯನ್ನು ಯಾರೂ ನಕಲಿ ಎನ್ನಲಿಲ್ಲ. ಪಾಪಿಯ ಪ್ರಾರ್ಥನೆಗೆ ಸಾಕ್ಷಿ ಬೇಕಾಗುವುದಿಲ್ಲ.

ಮತ್ತೆ ಮುಂಬಯಿಗೆ ಬರೋಣ. ಡಿವೈನ್ 2020ರಲ್ಲಿ ಹೊರತಂದ ಆಲ್ಬಮ್ಮಿನ ಹೆಸರು 'ಪುಣ್ಯ ಪಾಪ್'. ಈ ಹೆಸರಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಕ್ರೈಸ್ತ ದೈವಶಾಸ್ತ್ರದಲ್ಲಿ ಪಾಪಕ್ಕೆ ಎದುರಾಗಿ ನಿಲ್ಲುವುದು ಕೃಪೆ. ಪುಣ್ಯದ ಲೆಕ್ಕಪತ್ರ ನಮ್ಮ ದೇಶದ್ದು. ಶಾಸ್ತ್ರ ಬಲ್ಲ ಪಾದ್ರಿಯೊಬ್ಬರು ಆಕ್ಷೇಪಿಸಿದರೆ ಅವರ ಮಾತು ತಪ್ಪಲ್ಲ. ಆದರೆ ನೆರೆಯ ಹಿಂದೂ, ಮುಸಲ್ಮಾನ, ಬೌದ್ಧ ಗೆಳೆಯರೊಡನೆ ಬೆಳೆದ ಓಣಿಯ ಕ್ರೈಸ್ತನಿಗೆ ತನ್ನ ಅಂತರಂಗದ ತಕ್ಕಡಿಯನ್ನು ತೋರಿಸಲು ಒದಗಿದ ಮಾತು ಅದೇ. ಆ ಕ್ಷಣಕ್ಕೆ ಆತ ಇಂಗ್ಲಿಷ್ ಸ್ತೋತ್ರಪುಸ್ತಕದ ಮಾತನ್ನು ಆರಿಸಿಕೊಂಡಿದ್ದರೆ ಶಾಸ್ತ್ರಕ್ಕೆ ಸರಿಹೋಗುತ್ತಿತ್ತು, ಓಣಿಗೆ ಸುಳ್ಳಾಗುತ್ತಿತ್ತು.

ಈ ಓಣಿಯ ಕಥೆ ಸಿನಿಮಾ ಆದಾಗ ಏನಾಯಿತು ಎಂಬುದನ್ನೂ ಹೇಳಲೇಬೇಕು. ಜೋಯಾ ಅಖ್ತರರ 'ಗಲ್ಲಿ ಬಾಯ್' 2019ರಲ್ಲಿ ಬಂತು. ಡಿವೈನ್ ಮತ್ತು ನೇಝಿಯರ ಬದುಕು ಅದಕ್ಕೆ ಪ್ರೇರಣೆ. ನಾಯಕ ಮುರಾದ್ ಧಾರಾವಿಯ ಮುಸ್ಲಿಂ ಹುಡುಗ. ಅವನಿಗೆ ದಾರಿ ತೋರುವ, ಡಿವೈನ್‌ನ ಛಾಯೆಯುಳ್ಳ ಪಾತ್ರ ಎಂ.ಸಿ. ಶೇರ್, ಚಿತ್ರದಲ್ಲಿ ಅವನ ಹೆಸರು ಶ್ರೀಕಾಂತ್ ಭೋಸ್ಲೆ. ನಿರ್ದೇಶಕರಿಗೆ ಸ್ವಾತಂತ್ರ್ಯವಿದೆ, ಚಿತ್ರವೂ ಒಳ್ಳೆಯದೇ. ಆದರೂ ಸಾಚಾತನವನ್ನೇ ಕೊಂಡಾಡುವ ಕಥೆಯಲ್ಲಿ ಓಣಿಯ ಕ್ರೈಸ್ತ ಸದ್ದಿಲ್ಲದೆ ಮಾಯವಾದನಲ್ಲ ಎಂದು ನನಗೆ ಪಿಚ್ಚೆನಿಸಿತು. ನಮ್ಮ ಜನಪ್ರಿಯ ಕಲೆಯಲ್ಲಿ ಕ್ರೈಸ್ತನೆಂದರೆ ಗಿಟಾರು ಹಿಡಿದವ, ಕುಡಿದು ಇಂಗ್ಲಿಷ್ ಬೆರೆಸುವವ. ಬಡವನಾಗಿ, ಹಿಂದಿ ಆಡುವವನಾಗಿ, ನೆಲದವನಾಗಿ ಅವನು ಬಂದರೆ ಪ್ರೇಕ್ಷಕರಿಗೆ ಗುರುತು ಸಿಗುವುದಿಲ್ಲವೇನೋ.

ಧರ್ಮವನ್ನು ನೆಲದೊಡನೆ ಗಂಟು ಹಾಕುವ ಮಾತು ಬಂದದ್ದರಿಂದ ಒಂದು ದಾಖಲೆಯ ಸಂಗತಿ. ಸರ್ಕಾರಿ ನೌಕರನಾದ ನಾನು ರಾಜಕೀಯ ಆಡಕೂಡದು. ನ್ಯಾಯಾಲಯದ ತೀರ್ಪನ್ನು ನೆನೆಯಬಹುದು. 1987ರ ಡಿಸೆಂಬರಿನಲ್ಲಿ ಇದೇ ವಿಲೆ ಪಾರ್ಲೆ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯಲ್ಲಿ ಧರ್ಮದ ಹೆಸರಿನಲ್ಲಿ ಮತ ಕೇಳಲಾಯಿತೆಂಬ ಕಾರಣಕ್ಕೆ ಗೆದ್ದ ಅಭ್ಯರ್ಥಿಯ ಆಯ್ಕೆಯನ್ನು ಬೊಂಬಾಯಿ ಹೈಕೋರ್ಟು 1989ರಲ್ಲಿ ರದ್ದುಪಡಿಸಿತು. ಸುಪ್ರೀಂ ಕೋರ್ಟು 1995ರ ಡಿಸೆಂಬರ್ 11ರಂದು ಅದನ್ನು ಎತ್ತಿಹಿಡಿಯಿತು. ಹಿಂದುತ್ವವೆಂಬುದು ಜೀವನಕ್ರಮವನ್ನೂ ಸೂಚಿಸಬಹುದೆಂಬ, ಇಂದಿಗೂ ಚರ್ಚೆಗೊಳಗಾಗಿರುವ ಮಾತು ಬಂದದ್ದೂ ಆ ತೀರ್ಪಿನಲ್ಲಿಯೇ. ಈ ನೆಲದ ಸಾಚಾ ಮಗ ಯಾರು ಎಂಬ ಪ್ರಶ್ನೆಗೆ ಮತಪೆಟ್ಟಿಗೆ ಒಂದು ಬಗೆಯಲ್ಲಿ ಉತ್ತರಿಸುತ್ತದೆ, ಹಾಡು ಇನ್ನೊಂದು ಬಗೆಯಲ್ಲಿ. 'ಮದ್ರಾಸಿ'ಗಳೆಂದು ಬೈಸಿಕೊಂಡು ಉಡುಪಿ ಹೋಟೆಲುಗಳ ಬಾಗಿಲು ಎಳೆದುಕೊಂಡ ದಿನಗಳನ್ನು ಕಂಡ ಹಿರಿಯರು ಈ ಸಭೆಯಲ್ಲಿದ್ದಾರೆ. ಅವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಕನ್ನಡಕ್ಕೆ ಇದು ಹೊಸ ಪಾಠವೇ? ಅಲ್ಲ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ 1894ರ ನಿಘಂಟಿನಿಂದ ನಮಗೆಲ್ಲ ಪರಿಚಿತರು. ಅದಕ್ಕೂ ಬಹು ಮುಂಚೆ, 1862ರಲ್ಲಿ, ಅವರು 'ಕಥಾಮಾಲೆ' ಎಂಬ ಕೃತಿಯಲ್ಲಿ ಏಸುವಿನ ಚರಿತ್ರೆಯನ್ನು ಕನ್ನಡದ ಸಾಂಪ್ರದಾಯಿಕ ಛಂದಸ್ಸಿಗೆ ತಂದರು. ಜರ್ಮನ್ ರಾಗಗಳಿಗೆ ಕನ್ನಡ ಮಾತನ್ನು ತುಂಬಿ ಹಾಡಿಸುವುದು ಇಗರ್ಜಿಗಳ ರೂಢಿಯಾಗಿದ್ದ ಕಾಲದಲ್ಲಿ ಹಾಡಿನ ಮೈಯೇ ಕನ್ನಡದ್ದಾಗಿರಲಿ ಎಂದು ಹೊರಟವರು ಅವರು.

ಕಿಟ್ಟೆಲರಿಗಿಂತಲೂ ನನ್ನ ಮನಸ್ಸಿಗೆ ಹತ್ತಿರದವರು ಉತ್ತಂಗಿ ಚನ್ನಪ್ಪನವರು. ಅವರು ಕ್ರೈಸ್ತ ಬೋಧಕರು. ಖಾದಿ ತೊಟ್ಟ ದೇಸಿ ಮನುಷ್ಯ. ಸರ್ವಜ್ಞನ ವಚನಗಳನ್ನು ಹಳ್ಳಿ ಹಳ್ಳಿ ಸುತ್ತಿ, ಜನರ ಬಾಯಿಂದಲೂ ಓಲೆಗಳಿಂದಲೂ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬುದು ಅವರ ಒಂದು ಪುಸ್ತಕದ ಹೆಸರು. ಆಜ್ಞೆಯಲ್ಲ, ಸವಾಲಲ್ಲ, ವಿನಂತಿ. 1949ರಲ್ಲಿ ಗುಲ್ಬರ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕನ್ನಡಿಗರು ಅವರನ್ನು ಕುಳ್ಳಿರಿಸಿದರು. ಪಾದ್ರಿಯೊಬ್ಬರು ತಮ್ಮ ಆಯುಷ್ಯವನ್ನು ಸರ್ವಜ್ಞನಿಗೇಕೆ ತೆತ್ತರು? ಮೂರೇ ಸಾಲಿನಲ್ಲಿ, ಪ್ರಾಸದ ಪೆಟ್ಟಿನಲ್ಲಿ, ಸಂತೆಯ ನಡುವೆ ನಿಂತು ಉಳ್ಳವರನ್ನೂ ಮಠದವರನ್ನೂ ಬಿಡದೆ ಕುಟುಕಿ, ಕೊನೆಗೆ ತನ್ನ ಹೆಸರನ್ನು ಒತ್ತಿಹೋಗುವ ಆ ಅಲೆಮಾರಿಯಲ್ಲಿ ಅವರು ತಮ್ಮ ನಂಬಿಕೆಗೆ ಒಗ್ಗುವ ದನಿಯನ್ನು ಕೇಳಿರಬೇಕು. ಇಂದಿನ ರ‍್ಯಾಪ್ ಹುಡುಗ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಸರ್ವಜ್ಞನ ತೂಕ ಇವರಿಗಿದೆ ಎಂದು ನಾನು ಹೇಳುತ್ತಿಲ್ಲ. ಇವರಲ್ಲಿ ಮುಕ್ಕಾಲುಪಾಲು ಹಾಡುಗಳು ದುಡ್ಡು, ಕಾರು, ಹೆಣ್ಣಿನ ಮೇಲಿನ ಹಗುರ ಮಾತುಗಳಲ್ಲೇ ಮುಗಿದುಹೋಗುತ್ತವೆ, ಅವನ್ನು ನನ್ನಿಂದ ಕೇಳಲಾಗುವುದಿಲ್ಲ. ಉಳಿದ ಕಾಲುಪಾಲಿನ ಮಾತು ನನ್ನದು.

ಸಂಗೀತದಲ್ಲಿಯೂ ನಮ್ಮ ಕರಾವಳಿ ಇದನ್ನು ಚರ್ಚಿಸಿದೆ. ಕೊಂಕಣಿ ಹಾಡು ಪಾಶ್ಚಾತ್ಯ ವಾದ್ಯಮೇಳದ ಅನುಕರಣೆಯಾಗಿ ಉಳಿಯಬೇಕೆ ಎಂದು ಕೇಳಿಕೊಂಡು ಎರಿಕ್ ಒಝೇರಿಯೊ ಮತ್ತು ಸಂಗಡಿಗರು 1986ರಲ್ಲಿ ಮಂಗಳೂರಿನಲ್ಲಿ ಮಾಂಡ್ ಸೊಭಾಣ್ ಕಟ್ಟಿದರು. ಬೆಂಗಳೂರಿನಲ್ಲಿ ಬ್ರೋಧ ವಿ 2012ರ 'ಆತ್ಮ ರಾಮ'ದಲ್ಲಿ ಇಂಗ್ಲಿಷ್ ರ‍್ಯಾಪಿನೊಳಗೆ ರಾಮಭಜನೆಯನ್ನು ತಂದಾಗ ಜನ ಅದನ್ನು ಮೆಚ್ಚಿ ಹಂಚಿಕೊಂಡರು. ರಾಮನಾಮ ರ‍್ಯಾಪಿಗೆ ಸಲ್ಲುವುದಾದರೆ ಏಸುವಿನ ಹೆಸರು ಮಾತ್ರ ಪರಕೀಯವಾಗಿ ಕೇಳಿಸುವುದೇಕೆ?

ಇದನ್ನೆಲ್ಲ ನಾನು ಕೇವಲ ತರ್ಕಕ್ಕಾಗಿ ಆಡುತ್ತಿಲ್ಲ. ನಮ್ಮ ಪರಿಸರದಲ್ಲಿಯೇ ಒಬ್ಬ ಹುಡುಗನಿದ್ದಾನೆ, ಹೆಸರು ಹೇಳುವುದಿಲ್ಲ. ಬಂಟ್ವಾಳದ ಕಡೆಯ ಕ್ಯಾಥೊಲಿಕ್ ಮನೆತನ. ಅಜ್ಜ ಈ ಪೇಟೆಯ ಹೋಟೆಲೊಂದರಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರು. ಮನೆಗೆ ಕನ್ನಡ ಲಿಪಿಯ ಕೊಂಕಣಿ ವಾರಪತ್ರಿಕೆ 'ರಾಕ್ಣೊ' ತರಿಸುತ್ತಿದ್ದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಹಿಂದಿ, ಅಜ್ಜನಿಂದ ಕನ್ನಡ. ಆ ಹುಡುಗ ಕನ್ನಡದಲ್ಲಿ ಒಂದು ರ‍್ಯಾಪ್ ಕಟ್ಟಿದ್ದಾನೆ. ಲೋಟ ತೊಳೆದು ಬಿರಿದ ಅಜ್ಜನ ಕೈಗಳು, ಸಂಜೆ ದೀಪ ಹಚ್ಚಿ ಮನೆಮಂದಿ ಮೊಣಕಾಲೂರಿ ಹೇಳುವ ತೇರ್ಸ್, ಜಪಸರದ ಮಣಿ ಎಣಿಸುವ ಅದೇ ಬೆರಳುಗಳು ಹೋಟೆಲಿನ ಬಿಲ್ಲು ಎಣಿಸಿದ ಲೆಕ್ಕ, ಇವೇ ಅದರ ವಸ್ತು. 'ಸಾರ್, ಕನ್ನಡ ತಪ್ಪಿದ್ದರೆ ತಿದ್ದಿಕೊಡಿ' ಎಂದು ನನ್ನ ಬಳಿ ತಂದಿದ್ದ. ಎರಡು ಕಾಗುಣಿತ ತಿದ್ದಿದೆ. ಉಳಿದದ್ದನ್ನು ಮುಟ್ಟಲು ಕೈ ಬರಲಿಲ್ಲ.

ಅವನ ಪಾಡು ಕೇಳಿ. ರ‍್ಯಾಪ್ ಗೆಳೆಯರ ಬಯಲು ಕೂಟದಲ್ಲಿ 'ಜಪಸರದ ಮಾತು ತೆಗೆ, ಮೆತ್ತಗಾಯಿತು' ಎಂದರು. ಇಗರ್ಜಿಯ ಹಬ್ಬದ ಕಾರ್ಯಕ್ರಮಕ್ಕೆ ಕೇಳಿದರೆ ಹಿರಿಯ ಗುರಿಕಾರರೊಬ್ಬರು 'ಇದು ಬೀದಿಯ ಹಾಡು, ಇಲ್ಲಿ ಬೇಡ ಮಗಾ' ಎಂದರು. ಕೊನೆಗೆ ಕನ್ನಡ ಸಂಘವೊಂದಕ್ಕೆ ಬಂದ. ಯಾವ ಸಂಘವೆಂದು ಕೇಳಬೇಡಿ. ರಾಜ್ಯೋತ್ಸವಕ್ಕೆ ಇದು 'ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ' ಎಂದು ಅಲ್ಲಿಯ ಸಮಿತಿ ತಿಳಿಸಿತು. ಅದೇ ವೇದಿಕೆಯಲ್ಲಿ ಕನ್ನಡ ಓದಲಾರದ ಮಕ್ಕಳು ಮುದ್ರಿತ ಸಿನಿಮಾ ಹಾಡಿಗೆ ತುಟಿ ಆಡಿಸಿ ಕುಣಿದರು, ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಮಕ್ಕಳಲ್ಲವೇ.

ಮೂರು ಬಾಗಿಲಲ್ಲಿಯೂ ಕಾವಲಿನವರು ಕೇಳಿದ್ದು ಸಾಚಾತನವನ್ನೇ. ಓಣಿಯವರಿಗೆ ಭಕ್ತಿ ಬೆರೆತರೆ ಓಣಿ ಕೆಡುತ್ತದೆ, ಇಗರ್ಜಿಗೆ ಓಣಿ ಬೆರೆತರೆ ಭಕ್ತಿ ಕೆಡುತ್ತದೆ, ನಮಗೆ ಇವೆರಡರಲ್ಲಿ ಯಾವುದು ಬೆರೆತರೂ ಕನ್ನಡ ಕೆಡುತ್ತದೆ. ಹುಡುಗ ಮಾತ್ರ ಮೂರನ್ನೂ ಒಂದೇ ಮನೆಯಲ್ಲಿ, ಒಂದೇ ಸಂಜೆಯಲ್ಲಿ ಬಾಳುತ್ತಿದ್ದಾನೆ. ಅವನು ಜಪಸರವನ್ನು ತೆಗೆದು ಹಾಡಿದರೆ ಅಥವಾ ಲೋಟವನ್ನು ತೆಗೆದು ಹಾಡಿದರೆ ಆಗ ಅದು ನಕಲು. ಮುಂದಿನ ತಲೆಮಾರಿಗೆ ಕನ್ನಡ ಉಳಿಯುವುದಿಲ್ಲವೆಂದು ನಾವು ಪ್ರತಿ ನವೆಂಬರಿನಲ್ಲಿ ಠರಾವು ಮಾಡುತ್ತೇವೆ. ತಾನಾಗಿ ಕನ್ನಡದಲ್ಲಿ ಪದ ಕಟ್ಟಿಕೊಂಡು ಬಂದವನನ್ನು ಬಾಗಿಲಿಂದ ಕಳುಹಿಸಿದ ಮೇಲೆ ಆ ಠರಾವನ್ನು ಯಾರ ಮುಂದೆ ಓದುವುದು?

ಈ ಸಂಘದ ಕಾರ್ಯಕಾರಿ ಸಮಿತಿ ಬರುವ ಭಾನುವಾರ ಕೂಡಲಿದೆ. ಈ ಬಾರಿಯ ರಾಜ್ಯೋತ್ಸವದಲ್ಲಿ ಭಾವಗೀತೆಗಳ ನಂತರ, ಯಕ್ಷಗಾನದ ಮುಂಚೆ, ಆ ಹುಡುಗನಿಗೆ ಎಂಟು ನಿಮಿಷ ಕೊಡಬೇಕೆಂದು ನಾನು ಲಿಖಿತವಾಗಿ ಕೇಳಿದ್ದೇನೆ. ಹಿಮ್ಮೇಳದ ಖರ್ಚಿಲ್ಲ, ಅವನ ಗೆಳೆಯನೊಬ್ಬ ಬಾಯಲ್ಲಿಯೇ ತಾಳ ಹಾಕುತ್ತಾನೆ. ಅಜ್ಜನವರಿಗೆ ಎಂಬತ್ತಾರು ವಯಸ್ಸು, ಮೆಟ್ಟಿಲು ಹತ್ತಲಾರರು. ಆದ್ದರಿಂದ ಕಾರ್ಯಕ್ರಮವನ್ನು ನೆಲ ಅಂತಸ್ತಿನ ಸಭಾಂಗಣದಲ್ಲಿಯೇ ಇಟ್ಟುಕೊಳ್ಳಬೇಕೆಂದೂ ಬರೆದಿದ್ದೇನೆ. ಆಮಂತ್ರಣ ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲವೆಂದು ಕಾರ್ಯದರ್ಶಿಗಳು ಈಗ ತಾನೆ ನನಗೆ ತಿಳಿಸಿದರು.