ಓದಲು ಬಾರದ ತಾಯಿಯೂ ಭಾಷೆ ಕಲಿಸಬಲ್ಲಳು

(ದುಬಲಗುಂಡಿಯಲ್ಲಿ ಸ್ವಸಹಾಯ ಸಂಘಗಳ ತಾಯಂದಿರ ಸಭೆಯಲ್ಲಿ ಆಡಿದ ಮಾತುಗಳು)



"ನಮಗೇ ಓದಲಾಕ ಬರಲ್ರಿ, ಹುಡುಗರಿಗೇನ್ ಕಲಿಸೋದ್ರಿ?" ಎಂದು ನಿಮ್ಮಲ್ಲಿ ಹಲವರು ನಮ್ಮನ್ನು ಕೇಳುತ್ತೀರಿ. ಶಾಲೆಗೆ ಹೋಗುವ ಮುಂಚೆ ಮಗುವಿಗೆ 49 ಅಕ್ಷರ ಬಾಯಿಪಾಠ ಆಗಬೇಕಿಲ್ಲ. ಮಾತು ಬೇಕು. ಅದು ನಿಮ್ಮ ಹತ್ತಿರ ಬೇಕಾದಷ್ಟಿದೆ.

ರೊಟ್ಟಿ ಬಡಿಯುವಾಗ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. "ಕಟ್ಟಿಗಿ, ಕಡಾಯಿ, ಕರಿಬೇವು... ಎಲ್ಲಾ 'ಕ'ದಿಂದ ಶುರು ಆಗ್ತಾವ, ಇನ್ನೊಂದು ಹುಡುಕು ನೋಡೋಣ" ಅನ್ನಿ. "ಕಪ್ಪಿ!" ಅಂದರೆ ನಕ್ಕುಬಿಡಿ, ಉತ್ತರ ಸರಿ ಇದೆ. ಸದ್ದು ಕಿವಿಗೆ ಸಿಕ್ಕಿದರೆ ಮುಂದೆ ಅಕ್ಷರ ಗುರುತು ಹಿಡಿಯುವುದು ಸುಲಭ. ಪರಾತದಲ್ಲಿ ಒಣಹಿಟ್ಟು ಹರಡಿ ಬೆರಳಿನಿಂದ ಗೀಚಲು ಬಿಡಿ. ಹಿಟ್ಟು ಹಾಳಾಗುವುದಿಲ್ಲ, ಅದರಿಂದಲೇ ರೊಟ್ಟಿ ಮಾಡಿರಿ.

1956ಕ್ಕೆ ಮುಂಚೆ ನಮ್ಮ ಬೀದರ ಹೈದರಾಬಾದ್ ರಾಜ್ಯದಲ್ಲಿತ್ತು. ಇಂದಿಗೂ ಈ ಸೀಮೆಯ ಮನೆಗಳಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು, ಲಂಬಾಣಿ ಮಾತು ಕೇಳುತ್ತದೆ. ಶಾಲೆ ಕನ್ನಡದ್ದು ಎಂದು ಮನೆಮಾತು ಬಿಡಿಸಬೇಡಿ. ತಾಂಡಾದ ಒಬ್ಬ ಹುಡುಗಿ ಒಂದನೇ ತರಗತಿಯಲ್ಲಿ ಎರಡು ತಿಂಗಳು ಬಾಯಿ ಬಿಡಲಿಲ್ಲ. ಮೊದಲ ದಿನ ಲಂಬಾಣಿಯಲ್ಲಿ ನೀರು ಕೇಳಿದ್ದಕ್ಕೆ ಉಳಿದ ಮಕ್ಕಳು ನಕ್ಕಿದ್ದರು. ಮನೆಯಲ್ಲಿ ಅವಳಜ್ಜಿ ದಿನಾ ರಾತ್ರಿ ತಮ್ಮ ಮಾತಿನಲ್ಲೇ ಕಥೆ ಹೇಳಿ, "ಮುಂದೇನಾಯ್ತು, ನೀನೇ ಹೇಳು" ಎನ್ನುತ್ತಿದ್ದಳು. ಆ ಕಥೆಯನ್ನೇ ಹುಡುಗಿ ಒಂದು ದಿನ ಹರಕುಮುರುಕು ಕನ್ನಡದಲ್ಲಿ ತರಗತಿಗೆ ಹೇಳಿದಳು. ಆವತ್ತು ಯಾರೂ ನಗಲಿಲ್ಲ.

"ಹೋಗ್ಯಾನ" ಅನ್ನುವ ಮಗುವಿಗೂ ಬೈಯಬೇಡಿ. ಪುಸ್ತಕದ "ಹೋಗಿದ್ದಾನೆ" ತಾನಾಗಿ ಬರುತ್ತದೆ.

ಮುಂದಿನ ಸಭೆಗೆ ನಿಮ್ಮವ್ವ ಹೇಳುತ್ತಿದ್ದ ಒಂದೊಂದು ಒಗಟು ನೆನಪು ಮಾಡಿಕೊಂಡು ಬನ್ನಿ. ಮಕ್ಕಳನ್ನೂ ಕರಕೊಂಡು ಬನ್ನಿ. ಚಿತ್ರದ ಪುಸ್ತಕಗಳನ್ನು ನಾವು ತರುತ್ತೇವೆ.